ಸಿರಪ್ಪಿನ ಮುಚ್ಚಳದಷ್ಟು

ತಪ್ಪು ನನ್ನದು ಎಂದು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಹೇಳಿದರೆ ಓದುವವರಿಗೆ ರುಚಿ, ಆದರೆ ಅಲ್ಲಿಯವರೆಗೆ ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ತಾಕತ್ತು ನನಗಿಲ್ಲ. ಡಾಕ್ಟರರ ಸ್ವರ ಮಾಡಿ ಬ್ರಾಂಡಿ ಕುಡಿಯಿರಿ ಎಂದವನು ನಾನು. ಅದನ್ನು ನಂಬಿ ಕುಡಿದವರು ನಮ್ಮ ಆಚೆಮನೆಯ ತಾಂಡೇಲ ಮಾವ.

ಹೋದ ವಾರ ನನಗೆ ಕೆಮ್ಮು ಹಿಡಿದಿತ್ತು. ಸ್ವರ ಮಾರಿ ಹೊಟ್ಟೆ ಹೊರೆಯುವವನಿಗೆ ಕೆಮ್ಮು ಬಂದರೆ ಅಂಗಡಿಗೆ ಬಾಗಿಲು ಹಾಕಿದ ಹಾಗೆ. ಹಾಲಾಡಿಯಲ್ಲಿ ಒಂದು ಮದುವೆಯಲ್ಲಿ ನನ್ನ ಮಿಮಿಕ್ರಿ ಕಾರ್ಯಕ್ರಮವಿತ್ತು, ಅದಕ್ಕೆ ಮುಂಚೆ ಗಂಟಲು ಸರಿಯಾಗಲಿ ಎಂದು ಸಿರಪ್ಪು ತಂದೆ. ಮುಚ್ಚಳ ತಿರುಗಿಸಿ ತೆಗೆದದ್ದೇ ಆ ವಾಸನೆ ಬಂತು… ಸಿಹಿ, ಖಾರ, ಮೂಗಿನ ಒಳಗೆ ಸಣ್ಣಗೆ ಉರಿಯುವಂಥದ್ದು. ಬಾಟಲಿಯ ತಲೆಗೆ ಹಾಕಿದ್ದ ಅಳತೆಯ ಮುಚ್ಚಳ ಕೈಯಲ್ಲಿತ್ತು. ಒಳಗೆ ಉಬ್ಬಿದ ಗೆರೆಗಳಿರುತ್ತವಲ್ಲ, ಅದೇ. ಸಿರಪ್ಪನ್ನು ಕುಡಿಯಲಾಗಲಿಲ್ಲ. ಮುಚ್ಚಳವನ್ನು ಮೇಜಿನ ಮೇಲೆ ಕವುಚಿಟ್ಟು, ಅದನ್ನೇ ನೋಡುತ್ತ ಕೆಮ್ಮುತ್ತ ಕುಳಿತೆ.

ನಮ್ಮದು ತಲ್ಲೂರು. ಹೆದ್ದಾರಿಯಿಂದ ಸ್ವಲ್ಪ ಒಳಗೆ. ನಮ್ಮ ಮನೆಗೂ ತಾಂಡೇಲ ಮಾವನ ಮನೆಗೂ ನಡುವೆ ಸೊಂಟದೆತ್ತರದ ಒಂದು ಪಾಗಾರ. ಅವರು ನೆಂಟರೇನೂ ಅಲ್ಲ, ಆದರೂ ನನಗೆ ಅವರು ಮಾವ, ಅವರ ಹೆಂಡತಿ ಅತ್ತೆ. ತಾಂಡೇಲ ಎಂದರೆ ಮೀನುಗಾರಿಕೆ ಬೋಟಿನ ಯಜಮಾನಿಕೆ ನಡೆಸುವವನು. ಬೋಟು ಯಾರದ್ದೇ ಇರಲಿ, ಕಡಲಿಗೆ ಇಳಿದ ಮೇಲೆ ತಾಂಡೇಲನ ಮಾತೇ ಕಡೆ ಮಾತು. ಮಾವ ಬೋಟು ಬಿಟ್ಟು ಮನೆಯಲ್ಲಿ ಕುಳಿತ ಮೇಲೂ ಬೋಟು ಕಟ್ಟುವ ದಕ್ಕೆಯಲ್ಲಿ ಅವರ ಹೆಸರು ಹೇಳುವವರಿದ್ದರು. ಅದಕ್ಕೆ ಒಂದು ಕಾರಣವಿತ್ತು. ಬೋಟು ಹೊರಡುವ ಮುಂಚೆ ಅವರು ದಕ್ಕೆಯಿಂದ ಬೋಟಿಗೆ ಹಾಸಿದ ಹಲಗೆಯ ಬಾಯಲ್ಲಿ ನಿಲ್ಲುತ್ತಿದ್ದರು. ಬಲೆ ಎಳೆಯಲು ಹತ್ತುವ ಪ್ರತಿಯೊಬ್ಬ ಕಲಾಸಿಯೂ ಅವರ ಮುಖಕ್ಕೆ ಉಫ್ ಎಂದು ಊದಬೇಕಿತ್ತು. ಪೊಲೀಸರು ಮೆಷಿನ್ ಹಿಡಿದು ಮಾಡುವ ಕೆಲಸವನ್ನು ಮಾವ ಮೂಗಿನಲ್ಲೇ ಮಾಡುತ್ತಿದ್ದರು. ವಾಸನೆ ಬಂದವನಿಗೆ ಬೈಗುಳವಿಲ್ಲ. "ಈ ಬೋಟಿಗ್ ಹತ್ತುಕಾಗ. ನಾಳಿಗ್ ಬಾ" ಎಂದಷ್ಟೇ ಹೇಳಿ ಮುಂದಿನವನ ಕಡೆ ತಿರುಗುತ್ತಿದ್ದರು. ಸ್ವತಃ ಬೋಟಿನ ಧನಿಯ ಮಗ ಒಂದು ಸಲ ಹತ್ತಲು ಬಂದಾಗಲೂ ಅದೇ ಮಾತು, ಅದೇ ಸ್ವರ. ಅವರು ಜನ್ಮದಲ್ಲಿ ಒಂದು ಹನಿ ಮುಟ್ಟಿದವರಲ್ಲ.

ನಾನೋ, ಆಗಲೇ ಊರ ತುಂಬ ಸ್ವರ ಕದಿಯುವ ಕಸುಬು ಹಿಡಿದಿದ್ದೆ. ಕುಂದಾಪುರದ ಬಸ್ಸಿನ ಕಂಡಕ್ಟರ್, ಮೀನು ಹರಾಜು ಕೂಗುವವನು, ನನ್ನ ಅಪ್ಪಯ್ಯ ಸಾಲ ಕೇಳಲು ಬಂದವರ ಎದುರು ಕೆಮ್ಮುವ ರೀತಿ… ಮಾವನೊಬ್ಬರ ಹೊರತು ಬೇರೆ ಯಾರನ್ನೂ ಬಿಟ್ಟವನಲ್ಲ. ನನ್ನ ಸ್ವರವನ್ನೇ ನಾನು ಮಾಡಿ ತೋರಿಸಿದರೆ ಮಾತ್ರ ಯಾರೂ ನಗುತ್ತಿರಲಿಲ್ಲ, ಅದು ಯಾರದ್ದೆಂದು ಗೊತ್ತಾಗುತ್ತಿರಲಿಲ್ಲ. ಆ ಸಂಗ್ರಹದಲ್ಲಿ ಬಹಳ ಬೇಡಿಕೆ ಇದ್ದದ್ದು ನಮ್ಮ ಡಾಕ್ಟರರ ಸ್ವರಕ್ಕೆ. ಅವರು ಬ್ರಹ್ಮಾವರದ ಕಡೆಯವರು, ಕುಂದಾಪುರದಲ್ಲಿ ಕ್ಲಿನಿಕ್. ಸುತ್ತಲಿನ ಊರಿನ ಅರ್ಧ ಜನ ಅವರ ಕೈಗುಣ ನಂಬಿದವರು. ಮಾತು ಶುರು ಮಾಡುವ ಮುಂಚೆ ಮೂಗಿನಲ್ಲಿ "ಹ್ಞಾಂ…" ಎಂದು ಎಳೆದು, ಕನ್ನಡಕ ಏರಿಸಿ, "ವಿಷಯ ಎಂತ ಅಂದ್ರೆ" ಎನ್ನುವರು. ಆ "ಹ್ಞಾಂ" ಕೇಳಿದರೆ ಸಾಕು, ಜನರಿಗೆ ಅರ್ಧ ಜ್ವರ ಇಳಿಯುತ್ತಿತ್ತು.

ಮಾವನಿಗೆ ಒಂದು ದಿನ ಮೆಟ್ಟಿಲು ಹತ್ತುವಾಗ ಏದುಸಿರು ಬಂತೆಂದು ಅತ್ತೆ ಒತ್ತಾಯ ಮಾಡಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ರಕ್ತ ಪರೀಕ್ಷೆಯಾಯಿತು. ಒಳ್ಳೆಯ ಕೊಲೆಸ್ಟ್ರಾಲ್ ಇರಬೇಕಾದಷ್ಟು ಇಲ್ಲ, ಬಿ.ಪಿ. ಅಂಚಿನಲ್ಲಿದೆ, ದಿನಾ ನಡೆಯಬೇಕು, ಹುರಿದ ಮೀನು ಕಡಿಮೆ ಮಾಡಬೇಕು ಎಂದು ಡಾಕ್ಟರು ಹೇಳಿ ಕಳಿಸಿದರು. ಮಾವ ರಿಪೋರ್ಟು ಹಿಡಿದು ಪಾಗಾರದ ಹತ್ತಿರ ಬಂದರು.

"ಹ್ವಾಯ್, ಈ ಒಳ್ಳೇದ್ ಕೆಟ್ಟದ್ ಅಂದ್ರೆ ಎಂತದಾ? ನನ್ನ ನೆತ್ರದಾಗೂ ಜಾತಿ ಇತ್ತಾ?"

ನಾನು ಮೊಬೈಲ್ ತೆಗೆದು ಓದಿ ಹೇಳಿದೆ. ಕೆಟ್ಟದ್ದು ರಕ್ತನಾಳದ ಗೋಡೆಗೆ ಜಿಡ್ಡು ಅಂಟಿಸುತ್ತದಂತೆ, ಒಳ್ಳೆಯದ್ದು ಆ ಜಿಡ್ಡನ್ನು ಹೊತ್ತು ಯಕೃತ್ತಿನ ಕಡೆಗೆ ಸಾಗಿಸುತ್ತದಂತೆ.

"ಹಂಗಾರೆ ದಕ್ಕಿಯಂಗೆ ಅಲ್ದಾ. ಮೀನ್ ಬಂದ್ ಬಿದ್ದಿತ್, ಬುಟ್ಟಿ ಹೊರೂವ್ರ್ ಕಡ್ಮಿ," ಎಂದರು ಮಾವ. ನಗುತ್ತಲೇ ಹೇಳಿದರು, ಆದರೆ ರಿಪೋರ್ಟನ್ನು ಮಡಚಿದ ಕೈ ಅದನ್ನು ಮತ್ತೆ ಬಿಡಿಸಿ ನೋಡಿತು.

ಹಾಗೆ ಓದುತ್ತಿರುವಾಗಲೇ ನನ್ನ ಕಣ್ಣಿಗೆ ಬಿದ್ದದ್ದು ಆ ಸಾಲು: ಮಿತವಾಗಿ ಕುಡಿಯುವವರಲ್ಲಿ ಒಳ್ಳೆಯ ಕೊಲೆಸ್ಟ್ರಾಲ್ ಸ್ವಲ್ಪ ಏರುತ್ತದೆ. ನನಗೆ ಅದು ಆರೋಗ್ಯದ ಸಂಗತಿಯಾಗಿ ಕಾಣಲಿಲ್ಲ, ತಮಾಷೆಯ ಸರಕಾಗಿ ಕಂಡಿತು. ಮಾವ ಒಳಗೆ ಹೋದ ಮೇಲೆ ಜಗಲಿಯಲ್ಲೇ ಕುಳಿತು, ನಮ್ಮ ಹುಡುಗರ ಗ್ರೂಪಿಗೆ ಡಾಕ್ಟರರ ಸ್ವರದಲ್ಲಿ ಒಂದು ಆಡಿಯೊ ಮಾಡಿ ಬಿಟ್ಟೆ.

"ಹ್ಞಾಂ… ವಿಷಯ ಎಂತ ಅಂದ್ರೆ, ಒಳ್ಳೆ ಕೊಲೆಸ್ಟ್ರಾಲ್ ಕಡಿಮೆ ಉಂಟು ಅಂತ ಹೆದರುವುದು ಬೇಡ. ಬ್ರಾಂಡಿ ಉಂಟಲ್ಲ ಬ್ರಾಂಡಿ, ಅದನ್ನು ಕೆಮ್ಮಿನ ಸಿರಪ್ಪಿನ ಮುಚ್ಚಳದಲ್ಲಿ ಅಳೆದು ಊಟಕ್ಕೆ ಮುಂಚೆ ಎರಡು ಮುಚ್ಚಳ. ಜಾಸ್ತಿ ಬೇಡ. ಇದು ಔಷಧಿ, ಗಮ್ಮತ್ತು ಅಲ್ಲ."

ಸಿರಪ್ಪಿನ ಮುಚ್ಚಳ ನನ್ನದೇ ಕಲ್ಪನೆ. ಅದು ಹೊಳೆದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಗ್ರೂಪಿನಲ್ಲಿ ಎಲ್ಲರೂ ಹಲ್ಲು ಕಿರಿದ ಮುಖಗಳನ್ನು ಹಾಕಿದರು. ಅಲ್ಲಿಗೆ ಮುಗಿಯಿತೆಂದುಕೊಂಡೆ.

ಕೆಲವು ದಿನ ಕಳೆದು, ಸಂಜೆ ದೀಪ ಹಚ್ಚುವ ಹೊತ್ತು. ಪಾಗಾರದ ಆಚೆ ಜಗಲಿಯಲ್ಲಿ ಮಾವ ಕುಳಿತಿದ್ದರು. ಎದುರಿನ ಸ್ಟೂಲಿನ ಮೇಲೆ ಕಾಗದ ಸುತ್ತಿದ ಒಂದು ಬಾಟಲಿ. ಅವರ ದಪ್ಪ ಬೆರಳುಗಳ ನಡುವೆ ಒಂದು ಪುಟ್ಟ ಪ್ಲಾಸ್ಟಿಕ್ ಮುಚ್ಚಳ. ಬೋಟಿನಲ್ಲಿ ದೀಪದ ಎಣ್ಣೆ ಅಳೆಯುವಷ್ಟು ಜಾಗ್ರತೆಯಿಂದ ಗೆರೆಯವರೆಗೆ ಸುರಿದರು. ಮೂಗು ಹಿಡಿದು ಬಾಯಿಗೆ ಹಾಕಿಕೊಂಡರು. ಮುಖ ಹೇಗೆ ಕಿವುಚಿದರೆಂದರೆ ಕಣ್ಣು, ಮೂಗು, ಮೀಸೆ ಎಲ್ಲ ಒಂದೇ ಕಡೆ ಸೇರಿದವು. ಕೂಡಲೇ ಉಪ್ಪಿನಕಾಯಿಯ ಒಂದು ಹೋಳು. ಒಳಗಿನಿಂದ ಅತ್ತೆ ಕೂಗಿದರು: "ಔಷಧಿ ಆಯ್ತಾ? ಎರಡ್ನೇ ಮುಚ್ಳ ಮರ್ತ್ ಬಿಡ್ಬ್ಯಾಡಿ."

"ಇದೆಂತ ಮಾವ?" ಎಂದೆ. ಸ್ವರ ನನ್ನದೇ, ಆದರೆ ಎಲ್ಲಿಂದಲೋ ಬಂದ ಹಾಗೆ ಕೇಳಿಸಿತು.

ಮಾವ ಮೊಬೈಲ್ ಎತ್ತಿ ಒತ್ತಿದರು. "ಹ್ಞಾಂ… ವಿಷಯ ಎಂತ ಅಂದ್ರೆ…" ನನ್ನದೇ ಆಡಿಯೊ ಲೋಕ ಸುತ್ತಿ ಪಾಗಾರದ ಆಚೆಯಿಂದ ನನಗೇ ಬುದ್ಧಿ ಹೇಳತೊಡಗಿತು. ಮರವಂತೆಯಲ್ಲಿರುವ ಅವರ ಹಳೆಯ ಕಲಾಸಿಯೊಬ್ಬ ಕಳಿಸಿದ್ದಂತೆ. ಅವನಿಗೆ ಭಾವ ಕಳಿಸಿದ್ದು, ಭಾವನಿಗೆ ಬೈಂದೂರಿನಿಂದ ಯಾರೋ.

"ಎದ್ರಿಗ್ ಕೂತಾಗ ಡಾಕ್ಟ್ರಿಗೆ ಇದ್ ಹೇಳುಕೆ ನಾಚ್ಕಿ ಆಯಿತ್ ಕಾಣ್ತ್," ಎಂದರು ಮಾವ. "ನಂಗೂ ಮೊದ್ಲ್ ಮನಸ್ಸ್ ಬರ್ಲಿಲ್ಲ. ಜೀವಮಾನ ಎಲ್ಲ ಬ್ಯಾಡ ಅಂದದ್ದನ್ನ ಈಗ… ಆರೆ ಎದಿ ಪ್ರಶ್ನೆ ಮಾರಾಯಾ."

ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಮೊದಲ ಕ್ಷಣ ನನಗಾದದ್ದು ಹೆದರಿಕೆಯಲ್ಲ, ಹೆಮ್ಮೆ… ಡಾಕ್ಟರರ ಬಳಿಗೆ ಹೋಗಿ ಬಂದವರೇ ಮೋಸ ಹೋದರಲ್ಲ, ಎಂಥ ಸ್ವರ ನನ್ನದು, ಎಂದು. ಆ ಹೆಮ್ಮೆ ಊಟದ ಹೊತ್ತಿಗೆ ಇಳಿಯಿತು. ಬಂಗುಡೆ ಸಾರನ್ನು ಹಾಗೆಯೇ ಬಿಟ್ಟು ಕೈ ತೊಳೆದೆ.

ನಾಳೆ ಹೇಳಿದರಾಯಿತು ಎಂದುಕೊಂಡೆ. ಮರುದಿನ ಹೋದರೆ ಅತ್ತೆ ಆ ಬಾಟಲಿಯನ್ನು ಕಷಾಯದ ಬಾಟಲಿಗಳ ಸಾಲಿನಲ್ಲಿ, ಅರಿಷ್ಟದ ಪಕ್ಕ ಇಟ್ಟಿದ್ದರು. ಮುಚ್ಚಳವನ್ನು ಬಿಸಿನೀರಿನಲ್ಲಿ ತೊಳೆದು ಒರೆಸಿ, ಅದರ ಮೇಲೆ ಕವುಚಿದ್ದರು. ಅಷ್ಟು ಭಕ್ತಿಯಿಂದ ಮಾಡುತ್ತಿರುವುದನ್ನು ಕಂಡು ಬಾಯಿ ಬರಲಿಲ್ಲ. ಜೊತೆಗೆ ನನ್ನೊಳಗೆ ಒಬ್ಬ ವಕೀಲ ಹುಟ್ಟಿಕೊಂಡಿದ್ದ. ಓದಿದ್ದು ಸುಳ್ಳಲ್ಲವಲ್ಲ, ಮಿತವಾಗಿ ಕುಡಿದರೆ ಏರುತ್ತದೆಯಲ್ಲ, ಎರಡೇ ಮುಚ್ಚಳವಲ್ಲವೆ ಎಂದು ಅವನು ವಾದ ಮಾಡುತ್ತಿದ್ದ. ಅವನ ಬಾಯಿ ಮುಚ್ಚಿಸಲು ಮೊಬೈಲಿನಲ್ಲಿ ಹುಡುಕುತ್ತಿದ್ದೆ. ಒಂದು ಕಡೆ ಹೃದಯಕ್ಕೆ ಒಳ್ಳೆಯದು ಎಂದು ಬರೆದಿದ್ದರೆ ಇನ್ನೊಂದು ಕಡೆ ಒಂದು ಹನಿಯೂ ಬೇಡ ಎಂದಿರುತ್ತಿತ್ತು. ಒಳ್ಳೆಯದು ಎಂದದ್ದನ್ನು ಓದಿ ಮಲಗುತ್ತಿದ್ದೆ, ಬೇಡ ಎಂದದ್ದು ಬೆಳಿಗ್ಗೆ ನೆನಪಾಗುತ್ತಿತ್ತು.

ಆಮೇಲಿನ ತಿಂಗಳುಗಳಲ್ಲಿ ನನ್ನ ಸಂಜೆಗಳೆಲ್ಲ ಪಾಗಾರಕ್ಕೆ ಅಂಟಿಕೊಂಡವು. ಮಾವ ಕೆಮ್ಮಿದರೆ ಕಿವಿ ನಿಮಿರುತ್ತಿತ್ತು. ಬಾವಿಕಟ್ಟೆಯಿಂದ ಕೊಡಪಾನ ಎತ್ತಿ ತರುವಾಗ ನಡುವೆ ನಿಂತರೆ, ಎದೆಯ ಮೇಲೆ ಕೈ ಇಟ್ಟರೇ, ಬೆವರು ಒರೆಸಿದರೇ ಎಂದು ನೋಡುತ್ತಿದ್ದೆ. ಅವರ ಮನೆಯಲ್ಲಿ ಪಾತ್ರೆ ಬಿದ್ದು ಸದ್ದಾದರೂ ನಾನು ಎದ್ದು ನಿಲ್ಲುತ್ತಿದ್ದೆ. "ಈ ಗಂಡಿಗ್ ಎಂತ ಆಯಿತ್? ಆಚಿಮನಿ ಹೆಣ್ಣ್ ಕಂಡವ್ರಂಗೆ ಮಾಡ್ತ," ಎಂದಳು ಅಮ್ಮ. ಆ ಮನೆಯಲ್ಲಿ ಹೆಣ್ಣುಮಕ್ಕಳೇ ಇರಲಿಲ್ಲ. ಒಬ್ಬ ಮಗ, ಮುಂಬೈಯಲ್ಲಿ ಹೋಟೆಲು.

ಒಂದು ಸಂಜೆ ಒಂದು ವಿಷಯ ಗಮನಕ್ಕೆ ಬಂತು. ಮಾವ ಮೂಗು ಹಿಡಿಯುವುದನ್ನು ಬಿಟ್ಟಿದ್ದರು. ಮುಖ ಕಿವುಚಲಿಲ್ಲ. ಉಪ್ಪಿನಕಾಯಿಯ ಹೋಳು ತಟ್ಟೆಯಲ್ಲೇ ಉಳಿದಿತ್ತು. ಎರಡನೆಯ ಮುಚ್ಚಳವಾದ ಮೇಲೆ ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿ, "ಈ ಮುಚ್ಳ ಸಣ್ಣದ್ ಮಾರಾಯಾ, ಡಾಕ್ಟ್ರ್ ಹೇಳದ್ದ್ ದೊಡ್ಡ ಸಿರಪ್ಪಿಂದ್ ಇರ್ಕ್," ಎಂದು ಇನ್ನೊಂದು ಸುರಿದುಕೊಂಡರು. ಅಂದು ನಾನು ನಿಜವಾಗಿ ಹೆದರಿದೆ.

ಅದರ ಮೇಲೆ ಇನ್ನೊಂದು. ರಕ್ತ ಪರೀಕ್ಷೆ ಮತ್ತೆ ಮಾಡಿಸಿದರು. ರಿಪೋರ್ಟು ಬಂದ ದಿನ ಮಾವ ಪಾಗಾರದ ಮೇಲೆ ಅದನ್ನು ಹಾಸಿ, ಒಳ್ಳೆಯ ಕೊಲೆಸ್ಟ್ರಾಲಿನ ಅಂಕೆಯ ಮೇಲೆ ಬೆರಳಿಟ್ಟರು.

"ಕಾಣ್. ಏರಿತ್."

ಸ್ವಲ್ಪ ಏರಿತ್ತು. ನನ್ನೊಳಗಿನ ವಕೀಲ ಎದ್ದು ಕುಣಿದ. ಮಾವನ ಮುಖದಲ್ಲಿ ಬೆಳಕು. ಡಾಕ್ಟರರಿಗೆ ತೋರಿಸುವುದಿಲ್ಲವೆ ಎಂದೆ. "ಎಂತಕ್? ಅವ್ರ್ ಹೇಳದ್ದೇ ಅಲ್ದಾ ಮಾಡದ್ದ್," ಎಂದು ರಿಪೋರ್ಟು ಮಡಚಿದರು. ಮಡಚುವಾಗ ನಡುವೆ ತಡೆದು, ಎಡಗೈಯನ್ನು ಎದೆಗೆ ತಂದರು. ಏನೆಂದು ಕೇಳಿದೆ. "ಎಂತ ಇಲ್ಲ. ಒಂದೊಂದ್ಸಲ ಇಂಜಿನ್ ಬಡಿತ ತಪ್ಪುತ್ತಲ್ದಾ, ಹಂಗೆ. ಮತ್ತೆ ಸಮಾ ಆತ್ತ್."

ಮರುದಿನ ಬೆಳಿಗ್ಗೆಯೇ ನಾನು ಕುಂದಾಪುರದ ಕ್ಲಿನಿಕ್ಕಿನಲ್ಲಿ ಟೋಕನ್ ಹಿಡಿದು ಕುಳಿತಿದ್ದೆ. ಒಳಗೆ ಹೋದಾಗ ಡಾಕ್ಟರು ಸ್ಟೆತಸ್ಕೋಪ್ ಎತ್ತಿದರು. ನನಗೆ ಕಾಯಿಲೆ ಇಲ್ಲ ಎಂದು ಆಡಿಯೊ ಹಾಕಿ ಮೇಜಿನ ಮೇಲಿಟ್ಟೆ. ಅವರು ಕೊನೆಯವರೆಗೂ ಕೇಳಿದರು.

"ಇದು ಯಾರು ಮಾಡಿದ್ದು ಅಂತ ನಾನೂ ಹುಡುಕ್ತಾ ಇದ್ದೆ," ಎಂದರು. "ಹ್ಞಾಂ… ನನ್ನ ಸ್ವರ ಇಷ್ಟು ಮೂಗಿನಲ್ಲಿ ಬರ್ತದಾ?"

ಆ ಹೊತ್ತಿನಲ್ಲಿ ನಕ್ಕರೆ ನನ್ನ ಕಥೆ ಮುಗಿಯಿತು ಎಂದು ತುಟಿ ಕಚ್ಚಿಕೊಂಡೆ. ಮಾವ ಬ್ರಾಂಡಿ ಹಿಡಿದ ಸಂಗತಿ ಹೇಳಿದೆ. ಅಂಕೆ ಏರಿದ್ದನ್ನೂ ಹೇಳಿದೆ, ಒಂದು ಆಸೆಯಿಂದ.

ಡಾಕ್ಟರು ಕನ್ನಡಕ ತೆಗೆದರು. ಕುಡಿದರೆ ಆ ಅಂಕೆ ಸ್ವಲ್ಪ ಏರುವುದು ನಿಜವೇ ಎಂದರು. ಆದರೆ ಹಾಗೆ ಏರಿದ್ದರಿಂದ ಹೃದಯ ಉಳಿಯುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲವಂತೆ. ಸ್ವಲ್ಪ ಕುಡಿಯುವವರು ಗಟ್ಟಿಯಾಗಿ ಕಾಣುತ್ತಾರೆಂದು ಹಿಂದೆ ತಿಳಿದದ್ದುಂಟು. ಮತ್ತೆ ವಿಚಾರಿಸಿದರೆ ಅಂಥವರು ಊಟ, ನಡಿಗೆ ಎಲ್ಲದರಲ್ಲೂ ಹದ ಇಟ್ಟವರು. ಕುಡಿಯದವರ ಸಾಲಿನಲ್ಲಿ ಕಾಯಿಲೆ ಬಂದು ಕುಡಿತ ಬಿಟ್ಟವರೂ ಸೇರಿಕೊಂಡಿದ್ದರಿಂದ ಆ ಸಾಲೇ ಸೊರಗಿ ಕಂಡಿತ್ತಂತೆ. ನಾನು ಮಾವನ ದಕ್ಕೆಯ ಉಪಮೆ ಹೇಳಿದೆ. ಡಾಕ್ಟರು ಅದನ್ನೇ ಹಿಡಿದುಕೊಂಡರು.

"ದಕ್ಕೆಯಲ್ಲಿ ಹೊರುವವರ ತಲೆ ಲೆಕ್ಕ ಜಾಸ್ತಿ ಆಯ್ತು, ಸರಿ. ಅವರು ಬುಟ್ಟಿ ಹೊರ್ತಾ ಇದ್ದಾರಾ, ಬೀಡಿ ಎಳೀತಾ ಕೂತಿದ್ದಾರಾ ಅಂತ ಆ ಅಂಕೆ ಹೇಳುವುದಿಲ್ಲ. ಅಷ್ಟರಲ್ಲಿ ಬ್ರಾಂಡಿ ಆ ಕಡೆ ಬಿ.ಪಿ. ಏರಿಸ್ತದೆ, ಎದೆಯ ತಾಳ ತಪ್ಪಿಸ್ತದೆ. ಕುಡಿಯದವರಿಗೆ ಹೃದಯಕ್ಕೆ ಅಂತ ಕುಡಿಯಿರಿ ಹೇಳುವ ಡಾಕ್ಟರು ನಾನಲ್ಲ. ಕರ್ಕೊಂಡು ಬಾ ಅವರನ್ನು. ಬೇಗ."

ಮಾವನ ಇಂಜಿನ್ ಬಡಿತ ತಪ್ಪುವ ಮಾತನ್ನು ನಾನಿನ್ನೂ ಹೇಳಿಯೇ ಇರಲಿಲ್ಲ. ಸಿಕ್ಕಿದ ಮೊದಲ ಬಸ್ಸಿಗೆ ಹತ್ತಿದೆ.

ನೇರವಾಗಿ ಮಾವನ ಜಗಲಿಗೆ ಹೋಗಿ, ಆ ಆಡಿಯೊ ನಾನು ಮಾಡಿದ್ದು ಎಂದೆ. ಮಾವ ನನ್ನನ್ನು ನೋಡಿದರು. ತೊಡೆ ತಟ್ಟಿ ನಗಲು ಶುರು ಮಾಡಿದರು.

"ಎಂತೆಂತ ಕಟ್ತೆ ಮಾರಾಯಾ ನೀನ್."

"ಮಾವ, ದೇವ್ರಾಣಿ. ಕೇಣಿ ಬೇಕಾರೆ." ನಾನು ಮೂಗಿನಲ್ಲಿ ಎಳೆದೆ. "ಹ್ಞಾಂ… ವಿಷಯ ಎಂತ ಅಂದ್ರೆ…"

ಹೆದರಿಕೆಗೆ ಸ್ವರ ಒಡೆದು ಎರಡಾಯಿತು. ಮಾವ ತಲೆಯಾಡಿಸಿದರು. "ಚೂರ್ ಹತ್ರ ಬಂದಿತ್. ಆರೆ ಡಾಕ್ಟ್ರ್ ಸ್ವರವೇ ಬೇರೆ. ನೀ ಇನ್ನೂ ಕಲೀಕ್."

ನಾನು ಮತ್ತೆ ಮಾಡಿದೆ. ಇನ್ನೂ ಕೆಟ್ಟದಾಗಿ ಬಂತು. ಡಾಕ್ಟರರ ಹತ್ತಿರ ಹೋಗಿ ಬಂದೆ, ಅವರೇ ಬಿಡಬೇಕೆಂದರು ಎಂದೆ. ಅದಕ್ಕೂ ನಗು. "ಯಾರ್ ಸ್ವರ ಬೇಕಾರೂ ತೆಗಿತೆ ನೀನ್. ಈಗ ಮಾತಾಡುದ್ ಯಾರ್ದ್ ಅಂದೇಳಿ ನಾ ನಂಬುದ್?" ಊರಿನವರನ್ನೆಲ್ಲ ಆಡಿಕೊಂಡು ಗಳಿಸಿದ್ದ ಹೆಸರು ಅಂದು ಹೀಗೆ ಕೈಗೆ ಬಂತು. ನಿಜ ಹೇಳಲು ನನ್ನ ಹತ್ತಿರ ಸ್ವರವೇ ಇರಲಿಲ್ಲ. ಮಾವ ಸ್ಟೂಲು ಎಳೆದು ಮುಚ್ಚಳ ಕೈಗೆ ತೆಗೆದುಕೊಂಡರು. ಸಂಜೆಯಾಗಿತ್ತು.

ನಾನು ಹಿಂದಿನ ಬಾಗಿಲಿನಿಂದ ಅಡುಗೆಮನೆಗೆ ಹೋದೆ. ಅತ್ತೆ ತೆಂಗಿನಕಾಯಿ ತುರಿಯುತ್ತಿದ್ದರು. ಅವರಿಗೆ ಎಲ್ಲ ಹೇಳಿದೆ, ಕುಣಿಯದೆ, ಯಾರ ಸ್ವರವನ್ನೂ ಮಾಡದೆ. ಡಾಕ್ಟರು ಹೇಳಿದ್ದನ್ನು ನನ್ನ ಮಾತಿನಲ್ಲೇ ಹೇಳಿದೆ. ಬೈಯಬಹುದು, ತುರಿಮಣೆಯಲ್ಲೇ ಬಡಿಯಬಹುದು ಎಂದುಕೊಂಡಿದ್ದೆ. ಅವರು ತುರಿಯುವುದನ್ನು ನಿಲ್ಲಿಸಿದರು, ಅಷ್ಟೆ. ಆಮೇಲೆ ಕೇಳಿದರು: "ದಿನಾ ನೆನ್ಪ್ ಮಾಡಿ ಮಾಡಿ ಕೊಟ್ಟದ್ ನಾನಲ್ದಾ?"

ಜಗಲಿಯಿಂದ ಮಾವ "ಉಣ್ಣುಕೆ ಆಯ್ತಾ?" ಎಂದು ಕೂಗಿ ಎದ್ದು ಬಂದರು. ಅತ್ತೆ ಕೈ ಒರೆಸಿಕೊಂಡು ಹೋಗಿ ನಡುಮನೆಯ ಬಾಗಿಲಲ್ಲಿ ನಿಂತರು. ಎರಡೂ ಕೈಗಳನ್ನು ಎರಡೂ ದಾರಂದಗಳಿಗೆ ಕೊಟ್ಟು, ಒಳಗೆ ಹೋಗಲು ಜಾಗವಿಲ್ಲದ ಹಾಗೆ. ನಾನು ಅಡುಗೆಮನೆಯಿಂದ ಅವರ ಬೆನ್ನನ್ನೂ ಅದರಾಚೆ ಮಾವನ ಮುಖವನ್ನೂ ನೋಡುತ್ತಿದ್ದೆ.

"ಊದಿ ಕಾಂಬ," ಎಂದರು ಅತ್ತೆ.

ಮಾವನಿಗೆ ಅರ್ಥವಾಗಲಿಲ್ಲ. "ಎಂತ?"

"ಉಫ್ ಅಂದೇಳಿ ಊದಿ. ಕಲಾಸಿಗಳ್ ಹತ್ರ ಊದ್ಸ್ತಿದ್ರಲ್ದಾ, ಹಂಗೆ."

ಮಾವ ನಗಲು ನೋಡಿದರು. ಅತ್ತೆ ನಗಲಿಲ್ಲ. ಮಾವ ನಿಜವಾಗಿ ಊದಿದರು, ಸಣ್ಣ ಮಗುವಿನ ಹಾಗೆ. ಅತ್ತೆ ಮುಖ ತಿರುಗಿಸಲಿಲ್ಲ.

"ಈ ಬೋಟಿಗ್ ಹತ್ತುಕಾಗ. ನಾಳಿಗ್ ಬನಿ."

ಅತ್ತೆ ಹೇಳಿದ ಸ್ವರ ಮಾವನದ್ದೇ. ನಾನು ಇಷ್ಟು ವರ್ಷ ಊರೆಲ್ಲರ ಸ್ವರ ಕದ್ದವನು, ಅಷ್ಟು ಸರಿಯಾಗಿ ಒಂದು ಸ್ವರವನ್ನು ಹಿಡಿದದ್ದನ್ನು ಅದಕ್ಕೆ ಮುಂಚೆಯೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಮಾವ ಹೊಸಿಲ ಆಚೆ ನಿಂತೇ ಇದ್ದರು. ಅವರ ಮುಖದಲ್ಲಿ ಒಂದೊಂದಾಗಿ ಏನೇನೋ ಹಾದುಹೋದವು… ಹಲಗೆಯ ಮೇಲಿಂದ ಹಿಂದಕ್ಕೆ ಕಳಿಸಿದ ಕಲಾಸಿಗಳ ನೆನಪಾಯಿತೇನೋ, ನನಗೆ ಗೊತ್ತಿಲ್ಲ. ತಿರುಗಿ ಹೋಗಿ ಜಗಲಿಯಲ್ಲಿ ಕುಳಿತರು. ಅತ್ತೆ ಊಟವನ್ನು ಅಲ್ಲಿಗೇ ತಂದುಕೊಟ್ಟರು. ಆದರೆ ಒಳಗೆ ಬಿಡಲಿಲ್ಲ.

ಮರುದಿನ ಬಾಟಲಿಯನ್ನು ತೆಂಗಿನ ಬುಡಕ್ಕೆ ಸುರಿದದ್ದು ಮಾವನೇ. ನನ್ನ ಕಡೆ ನೋಡಲಿಲ್ಲ. ಡಾಕ್ಟರರ ಹತ್ತಿರವೂ ಹೋದರು. ಅಂದು ಡಾಕ್ಟರರಿಗೆ ನೆಗಡಿಯಾಗಿತ್ತಂತೆ. "ಆ ಆಡಿಯೊದಾಗೆ ಇವ್ರ ಸ್ವರ ಇದ್ಕಿಂತ ಚಂದ ಇದ್ದಿತ್," ಎಂದು ಬಂದು ಅತ್ತೆಯ ಹತ್ತಿರ ಹೇಳಿದರಂತೆ. ಬಿ.ಪಿ.ಗೆ ಮಾತ್ರೆ ಶುರುವಾಯಿತು. ಬೆಳಗಿನ ನಡಿಗೆಯೂ ಶುರುವಾಯಿತು. ನನ್ನೊಂದಿಗೆ ಬಹಳ ದಿನ ಮಾತಾಡಲಿಲ್ಲ. ಆಮೇಲೊಂದು ದಿನ ಪಾಗಾರದ ಆಚೆಯಿಂದ, "ಹ್ವಾಯ್ ಡಾಕ್ಟ್ರೇ, ಬಂಗ್ಡಿ ಹುರ್ದದ್ ತಿಂಬ್ಲಕ್ಕಾ?" ಎಂದು ಕೂಗಿದರು. ನಾನು ಉತ್ತರ ಕೊಡುವ ಮುಂಚೆಯೇ, "ನಿನ್ನ ಕೇಂಬುದ್ ಎಂತಕ್, ಬ್ಯಾಡ," ಎಂದು ತಾವೇ ಮುಗಿಸಿದರು. ಅಂದಿನಿಂದ ಅವರು ನನ್ನನ್ನು ಕರೆಯುತ್ತಿದ್ದದ್ದೇ ಡಾಕ್ಟ್ರೇ ಎಂದು. ಪ್ರೀತಿಯೋ ಚುಚ್ಚುವುದೋ… ಎರಡೂ ಇತ್ತು.

ಒಂದೆರಡು ಮಳೆಗಾಲ ಹಾಗೆಯೇ ಹೋಯಿತು. ಆಮೇಲೆ ಒಂದು ಬೆಳಿಗ್ಗೆ ಮಾವ ನಡಿಗೆ ಮುಗಿಸಿ ಬಂದು ಜಗಲಿಯ ಬೆಂಚಿನ ಮೇಲೆ ಕುಳಿತರು. ಒಂದು ಕಾಲಿನ ಚಪ್ಪಲಿ ಬಿಚ್ಚಿದ್ದರು, ಇನ್ನೊಂದು ಕಾಲಲ್ಲೇ ಇತ್ತು. ಅತ್ತೆ ಚಾ ತಂದಾಗ ಅವರು ಗೋಡೆಗೆ ಒರಗಿದ್ದರು. ನಿದ್ದೆ ಹತ್ತಿದೆಯೆಂದು ಅತ್ತೆ ಚಾವನ್ನು ಮುಚ್ಚಿಟ್ಟು ಒಳಗೆ ಹೋದರಂತೆ.

ಹೃದಯ ಎಂದರು. ಡಾಕ್ಟರರನ್ನು ಹೋಗಿ ಕೇಳಿದೆ. ಆ ತಿಂಗಳುಗಳ ಕುಡಿತದಿಂದ ಹೀಗಾಯಿತೇ, ಎಂದು. ಅವರು ಮೂಗಿನಲ್ಲಿ ಏನೂ ಎಳೆಯಲಿಲ್ಲ. "ಅದರಿಂದಲೇ ಅಂತ ಹೇಳಲಾರೆ. ಅದಲ್ಲವೇ ಅಲ್ಲ ಅಂತಲೂ ಹೇಳಲಾರೆ," ಎಂದರು. ಸುಳ್ಳು ಹೇಳಿ ನನ್ನನ್ನು ಬಿಡಿಸಬಹುದಿತ್ತು. ಅವರು ಅಂಥವರಲ್ಲ. ಅಂದಿನಿಂದ ವೇದಿಕೆಯ ಮೇಲೆ ನಾನು ಡಾಕ್ಟರರ ಸ್ವರ ಮಾಡಿಲ್ಲ. ಮಾವನ ಸ್ವರವನ್ನಂತೂ ಯಾವತ್ತೂ ಮಾಡಿದವನಲ್ಲ. ಗಂಟಲವರೆಗೆ ಬರುತ್ತದೆ, ನುಂಗುತ್ತೇನೆ.

ಹೋದ ವಾರ ಮುಚ್ಚಳ ನೋಡುತ್ತ ಕುಳಿತಿದ್ದೆನಲ್ಲ, ಕೆಮ್ಮು ನಿಲ್ಲಲೇ ಇಲ್ಲ. ಬಾಟಲಿಯನ್ನು ಜೇಬಿಗೆ ಹಾಕಿಕೊಂಡು ಪಾಗಾರ ದಾಟಿದೆ. ಆ ಜಗಲಿಯ ಬೆಂಚು ಅಲ್ಲೇ ಇದೆ. ಅದರ ಮೇಲೆ ಈಗ ಹಪ್ಪಳ ಒಣಗುತ್ತದೆ. ಅತ್ತೆ ಕಾಗೆ ಓಡಿಸುತ್ತ ಕುಳಿತಿದ್ದರು. ಸ್ವಲ್ಪ ಬಗ್ಗಿದ್ದಾರೆ, ಕಿವಿ ಮಾತ್ರ ಚುರುಕು. ನನ್ನ ಕೆಮ್ಮು ಕೇಳಿ ಕೈ ಚಾಚಿದರು. ಜೇಬಿನಿಂದ ಬಾಟಲಿ ಕೊಟ್ಟೆ. ಮುಚ್ಚಳ ತೆಗೆದು ಕಣ್ಣಿನ ಹತ್ತಿರ ಹಿಡಿದು, ಗೆರೆಯವರೆಗೆ ಸುರಿದು ನನ್ನ ಮುಂದೆ ಹಿಡಿದರು. ಆ ಕೈಯನ್ನು, ಆ ಮುಚ್ಚಳವನ್ನು ಒಟ್ಟಿಗೆ ನೋಡಿದ್ದೇ ತಡ, ಇಷ್ಟು ಕಾಲ ಕೇಳಲಾರದೆ ಇದ್ದದ್ದು ಬಾಯಿಂದ ಬಿದ್ದೇಬಿಟ್ಟಿತು.

"ಅತ್ತೆ, ಮಾವ ಹೋದದ್ದ್ ನನ್ನಿಂದ್ಲೇ ಅಲ್ದಾ? ಅದಷ್ಟೂ ನನ್ ತಪ್ಪೇ."

ಅತ್ತೆ ಮುಚ್ಚಳ ಹಿಡಿದ ಕೈಯನ್ನು ಇಳಿಸಲಿಲ್ಲ.

"ಹೇಳ್ದವ ನೀನ್, ತಂದ್ ಎದ್ರಿಗ್ ಇಟ್ಟವ್ಳ್ ನಾನ್, ಕುಡ್ದವ್ರ್ ಅವ್ರ್. ಅಷ್ಟೂ ನಂದೇ ಅಂದೇಳಿ ನೀನೊಬ್ನೇ ದೊಡ್ಡ ಜನ ಆಪುಕೆ ಹೋಯ್ಬ್ಯಾಡ."